ಮುನ್ನೂರು ವಾಕ್ಯಗಳ ಬರಹಗಾರ

ನಾನು ಬರಹಗಾರ ಎಂದು ಹೇಳಿಕೊಂಡು ತಿರುಗುವವನು. ಮದುವೆಮನೆಯಲ್ಲಿ ಯಾರಾದರೂ "ಏನು ಬರೀತೀರಿ?" ಎಂದು ಕೇಳಿಬಿಟ್ಟರೆ ಮಾತ್ರ ತಕ್ಷಣ ಪಾಯಸದ ಕಡೆ ತಿರುಗುತ್ತೇನೆ. ಹತ್ತೊಂಬತ್ತು ವರ್ಷಗಳಿಂದ ನಾನು ಬರೆಯುತ್ತಿರುವುದು ನೀರಿನ ಪಂಪಿನ ಡಬ್ಬದೊಳಗೆ ಬರುವ ಕೈಪಿಡಿ. ನೀವು ಓದದೆ ಎಸೆಯುತ್ತೀರಲ್ಲ, ಅದೇ.

ನಮ್ಮ ವಿಭಾಗದಲ್ಲಿ ಇಬ್ಬರೇ, ನಾನು ಮತ್ತು ಫಿಲೋಮಿನಾ ಮೇಡಂ. ಈಚೆಗೆ ಮ್ಯಾನೇಜರು ಕರೆದು, ಇನ್ನು ಕೈಪಿಡಿಗಳೆಲ್ಲ ಎಕ್ಸ್‌ಎಂಎಲ್‌ನಲ್ಲಿ ಆಗಬೇಕು, ತಕ್ಕ ಸಾಫ್ಟ್‌ವೇರ್ ಆರಿಸಿ ವರದಿ ಕೊಡಿ ಎಂದರು. ಎಕ್ಸ್‌ಎಂಎಲ್ ಎಂದರೆ, ಪ್ರತಿ ಮಾತಿಗೂ 'ಇದು ಎಚ್ಚರಿಕೆ', 'ಇದು ಹಂತ' ಎಂದು ಚೀಟಿ ಅಂಟಿಸಿಟ್ಟು, ಒಮ್ಮೆ ಬರೆದದ್ದನ್ನು ಹತ್ತು ಪುಸ್ತಕಕ್ಕೆ ಬಳಸುವುದು. ಅಯ್ಯೋ, ನಾನೋ ಫ್ಯಾನು ಆರಿಸಲು ಎರಡು ಬೇಸಿಗೆ ತೆಗೆದುಕೊಂಡವನು! ಶ್ರೀರಾಂಪುರದ ನಮ್ಮ ಮನೆಗೆ ನಾನು ಬಣ್ಣ ಆರಿಸುವುದರೊಳಗೆ ಪೇಂಟರ್ ಕಸುಬೇ ಬಿಟ್ಟಿದ್ದ. ಅಂಥವನ ಮುಂದೆ ಮೂರು ಸಾಫ್ಟ್‌ವೇರ್ ಬಂದು ಕೂತವು. ಮೊದಲ ಎರಡು ಏನು ಬರೆದರೂ ತಪ್ಪೆಂದು ಕೆಂಪು ಅಕ್ಷರದಲ್ಲಿ ರೇಗುತ್ತಿದ್ದವು.

ಮೂರನೆಯದನ್ನು ತೋರಿಸಲು ಬಂದಾತ ನನ್ನ ಹಳೆಯ ಕೈಪಿಡಿಗಳನ್ನೆಲ್ಲ ಅದರೊಳಗೆ ತುಂಬಿ, "ಸಂತೋಷದ ಸುದ್ದಿ ಸರ್! ಒಂದೇ ಥರದ್ದನ್ನ ತೆಗೆದ್ರೆ ನೀವು ಬರೆದಿರೋದು ಮುನ್ನೂರೇ ವಾಕ್ಯ" ಎಂದ.

"ಅಷ್ಟಿದಾವಾ ಸರ್? ನಾನು ಇನ್ನೂ ಕಮ್ಮಿ ಅಂದ್ಕೊಂಡಿದ್ದೆ" ಎಂದು ಮೇಡಂ ನಕ್ಕರು. ಮ್ಯಾನೇಜರು ನಗಲಿಲ್ಲ. "ಮುನ್ನೂರು ವಾಕ್ಯಕ್ಕೆ ಇಬ್ಬರು ಯಾಕ್ರೀ?" ಎಂದು ಎದ್ದು ಹೋದರು.

ರೇಗುವ ಆ ಮೊದಲೆರಡನ್ನು ಸಂಭಾಳಿಸಲು ಇಬ್ಬರು ಬೇಕೇ ಬೇಕಿತ್ತು; ಅವುಗಳಲ್ಲಿ ಒಂದನ್ನು ಹೊಗಳಿದ್ದರೆ ಇಬ್ಬರೂ ಉಳಿಯುತ್ತಿದ್ದೆವು. ಆದರೆ ಪಾಪಿ ನಾನು, ಉಳಿಯುವವನು ನಾನೇ ಅಂದುಕೊಂಡೆ, ಸೀನಿಯರ್ ಅಲ್ಲವೇ! ಮೂರನೆಯದನ್ನೇ ಶಿಫಾರಸು ಮಾಡಿ, 'ಇದನ್ನು ಒಬ್ಬರೇ ನಿಭಾಯಿಸಬಹುದು' ಎಂದು ಸೇರಿಸಿದೆ. ಮುನ್ನೂರರ ಹೊರಗಿನ ಹೊಸ ವಾಕ್ಯವೆಂದು ಹೆಮ್ಮೆ ಬೇರೆ.

ಮ್ಯಾನೇಜರು ಒಪ್ಪಿದರು. ಆ ಒಬ್ಬರು ಫಿಲೋಮಿನಾ ಮೇಡಂ. ನಾನು ಆರಿಸುತ್ತಾ ಕೂತಿದ್ದಾಗ ಅವರು ಅದನ್ನು ಕಲಿತೇಬಿಟ್ಟಿದ್ದರು. ನನಗೆ ಬಿಡಿಭಾಗಗಳ ಗೋಡೌನ್ ಸಿಕ್ಕಿತು. ಮೇಜು ಖಾಲಿ ಮಾಡುವಾಗ ಮೇಡಂ ಬಂದು, "ಬೇಜಾರು ಮಾಡ್ಕೋಬೇಡಿ ಸರ್, ನಿಮ್ಮ ವಾಕ್ಯಗಳನ್ನ ನಾನು ಚೆನ್ನಾಗಿ ನೋಡ್ಕೋತೀನಿ" ಎಂದರು. ಅವರ ಕಣ್ಣು ತುಂಬಿತ್ತು. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ.

ಇದನ್ನೆಲ್ಲ ಇವತ್ತು ಸಂಜೆ ಹೆಂಡತಿಗೆ ಹೇಳಿದೆ. ಅವಳು ಅವರೆಕಾಯಿ ಸುಲಿಯುತ್ತಿದ್ದಳು.

"ಮೊನ್ನೆನೂ ಇದನ್ನೇ ಹೇಳಿದ್ರಿ, ನಿನ್ನೆನೂ ಇದನ್ನೇ ಹೇಳಿದ್ರಿ ಕಣ್ರೀ," ಎಂದಳು. "ಒಬ್ಬರೇ ಸಾಕು ಅಂತ ಬರೆದಿದ್ದು ನೀವೇ ಅನ್ನೋದು ಮಾತ್ರ ಇವತ್ತೇ ಹೇಳ್ತಿರೋದು."

ನಾನು ಒಂದು ಹಿಡಿ ಅವರೆಕಾಯಿ ಎಳೆದುಕೊಂಡು ಸುಲಿಯತೊಡಗಿದೆ.