ತಳ್ಳುವುದಕ್ಕೆ ಮೂರು ಜನ

ಬ್ಯಾಟರಿ ಇಳಿಯುವುದಕ್ಕೆ ಇಂಥದೇ ಹೊತ್ತು ಅಂತ ಇಲ್ಲ ಎಂದು ಅಪ್ಪ ಹೇಳುತ್ತಿದ್ದರು. ಆದರೆ ನಮ್ಮ ಬೈಕಿನದ್ದು ಮಾತ್ರ ನಾನು ಇಸ್ತ್ರಿ ಮಾಡಿದ ಯೂನಿಫಾರ್ಮ್ ಹಾಕಿ, ಎರಡು ಜಡೆಗೂ ರಿಬ್ಬನ್ ಕಟ್ಟಿ ಕೆಳಗಿಳಿದ ದಿನವೇ ಇಳಿಯುತ್ತಿತ್ತು. ತೊಂಬತ್ತರ ದಶಕದ ಬಹರೈನ್, ಗುದೈಬಿಯಾದ ಒಂದು ಹಳೇ ಕಟ್ಟಡ, ಮನೆಯಲ್ಲಿ ಅಪ್ಪ, ಅಮ್ಮ, ನಾನು. ನಾಲ್ಕನೆಯದು ಆ ಜಪಾನಿ ಬೈಕು. ಅದಕ್ಕೆ ಕಿಕ್ ಇರಲಿಲ್ಲ. ಬಟನ್ ಒತ್ತಿದರೆ ಸ್ಟಾರ್ಟ್ ಆಗಬೇಕು, ಇಲ್ಲದಿದ್ದರೆ ಇಲ್ಲ. ಹೆಚ್ಚಾಗಿ ಇಲ್ಲ.

ಅದನ್ನು ಮಾರಿ ಒಂದು ಸಣ್ಣ ಕಾರು ತೆಗೆದುಕೊಳ್ಳಬೇಕೆಂದು ಅಮ್ಮನ ಹಟ. ಕೇಳಿದಾಗಲೆಲ್ಲ ಅಪ್ಪ, "ಈ ಸೆಕೆಗಾಲ ಒಂದು ಕಳೀಲಿ" ಎನ್ನುತ್ತಿದ್ದರು. ಬಹರೈನಿನಲ್ಲಿ ಸೆಕೆಗಾಲ ಯಾವಾಗ ಕಳೆಯುತ್ತದೆ ಎಂದು ಅಲ್ಲಿ ಇದ್ದವರಿಗೆ ಗೊತ್ತು.

೧. ಇಳಿಜಾರು ಹುಡುಕಿದ್ದು

ಅಪ್ಪ ಬೈಕು ಕಲಿತದ್ದು ಮಂಗಳೂರಿನಲ್ಲಿ. ಅಲ್ಲಿ ಗೇಟು ದಾಟಿದರೆ ಒಂದೋ ಚಡಾವು, ಇಲ್ಲವೋ ಇಳಿಜಾರು. ಬೈಕಿನ ಮುಖ ಕೆಳಗೆ ಮಾಡಿ ನಿಲ್ಲಿಸಿ, ಬೆಳಿಗ್ಗೆ ಜಾರಲು ಬಿಟ್ಟು ಗೇರು ಹಾಕಿದರೆ ಆಯಿತು. ಹೀಗಾಗಿ ಅಪ್ಪನಿಗೆ ಬ್ಯಾಟರಿಯ ಮೇಲೆ ಗೌರವವೇ ಬೆಳೆದಿರಲಿಲ್ಲ. ಬಹರೈನ್ ಆದರೋ ದೋಸೆ ಕಾವಲಿಯಷ್ಟು ಸಪಾಟು. ಬಿಸಿಯೂ ಅಷ್ಟೇ.

ಕೊನೆಗೆ ಅವರೊಂದು ಇಳಿಜಾರು ಕಂಡುಹಿಡಿದರು. ನಮ್ಮ ಕಟ್ಟಡದ ಕೆಳಗೇ ಒಂದು ಕೋಲ್ಡ್ ಸ್ಟೋರ್ ಇತ್ತು. ಅಲ್ಲಿ ದಿನಸಿ ಅಂಗಡಿಗೆ ಹೇಳುವುದೇ ಹಾಗೆ. ಅಕ್ಕಿ ಚೀಲದ ಗಾಡಿ ಒಳಗೆ ಹತ್ತಿಸಲು ಅದರ ಬಾಗಿಲಿಗೆ ಸಿಮೆಂಟಿನ ಒಂದು ಜಾರು ಮಾಡಿದ್ದರು. ಅಂಗಡಿಯವರು ಉಳ್ಳಾಲದ ಕಡೆಯ ಬ್ಯಾರಿ. ನಾನು ಅವರನ್ನು ಕಾಕ ಎಂದು ಕರೆಯುತ್ತಿದ್ದೆ, ಅಂದರೆ ಮನಸ್ಸಿನಲ್ಲೇ. ಬಾಯಿಬಿಟ್ಟು ನಾನು ಆಗ ಯಾರನ್ನೂ ಕರೆದವಳಲ್ಲ. ಅಪ್ಪ ಸಂಜೆಯೇ ಬೈಕನ್ನು ಅವರ ಜಾರಿನ ಮೇಲೆ ನಿಲ್ಲಿಸಿದರು. "ಮಾರಾಯ್ರೇ, ನನ್ನ ಗಿರಾಕಿಗಳು ನಿಮ್ಮ ಬೈಕಿಗೆ ಸಲಾಂ ಹೇಳಿ, ಅಡ್ಡ ತಿರುಗಿ ಒಳಗೆ ಬರಬೇಕಾಯಿತಲ್ಲ" ಎಂದು ಕಾಕ ತುಳುವಿನಲ್ಲಿ ಗೊಣಗಿದರೂ ತೆಗೆಯಿರಿ ಎನ್ನಲಿಲ್ಲ.

ಬೆಳಿಗ್ಗೆ ಅಪ್ಪ ಹೆಲ್ಮೆಟ್ ಬಿಗಿದು, ನನ್ನನ್ನು ಹಿಂದೆ ಕೂರಿಸಿ, ಬ್ರೇಕು ಬಿಟ್ಟರು. ಬೈಕು ಚಂದವಾಗಿ ಜಾರಿತು. ಆ ಇಳಿಜಾರು ನಮ್ಮನ್ನು ರಸ್ತೆಯ ನಟ್ಟನಡುವೆ ತಂದು ನಿಲ್ಲಿಸುವಷ್ಟು ಮಾತ್ರ ಉದ್ದ ಇತ್ತು. ಸ್ಟಾರ್ಟ್ ಆಗುವಷ್ಟು ಇರಲಿಲ್ಲ. ಹಿಂದೆ ಸಾಲಾಗಿ ನಿಂತ ಟ್ಯಾಕ್ಸಿಗಳು ಹಾರ್ನ್ ಹಾಕುತ್ತಿದ್ದರೆ ಅಪ್ಪ ತಿರುಗಿ, "ಮಂಗಳೂರಾಗಿದ್ದರೆ ಇಷ್ಟೊತ್ತಿಗೆ ಬಂದರು ಮುಟ್ಟುತ್ತಿದ್ದೆವು" ಎಂದರು.

೨. ಊಟದ ಹೊತ್ತಿನ ಪಾಠ

ಆ ಮೇಲೆ ಅಪ್ಪ ಬ್ಯಾಟರಿಯ ಬಗ್ಗೆ ಓದಿಕೊಂಡರು. ಓದಿದ್ದನ್ನೆಲ್ಲ ಊಟದ ಹೊತ್ತಿಗೆ ನಮಗೆ ಹೇಳುತ್ತಿದ್ದರು. ಡಿಸ್ಟಿಲ್ಡ್ ವಾಟರ್ ಇಷ್ಟೇ ಇರಬೇಕು, ಬಿಸಿಲಿಗೆ ಅದು ಆರುತ್ತದೆ, ವಾರಕ್ಕೊಮ್ಮೆಯಾದರೂ ದೂರ ಓಡಿಸಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ಕೀ. ಆಫ್‌ನಿಂದ ಇನ್ನೂ ಒಂದು ಚೂರು ತಿರುಗಿಸಿದರೆ 'ಪಿ' ಎಂಬ ಜಾಗಕ್ಕೆ ಹೋಗುತ್ತದೆ. ಕೀ ಕೈಗೆ ಬರುತ್ತದೆ, ಆದರೆ ಹಿಂದಿನ ಕೆಂಪು ದೀಪ ಉರಿಯುತ್ತಲೇ ಇರುತ್ತದೆ. ಬಿಸಿಲಲ್ಲಿ ಯಾರಿಗೂ ಕಾಣುವುದಿಲ್ಲ, ಸಂಜೆಗೆ ಬ್ಯಾಟರಿ ಮುಗಿದಿರುತ್ತದೆ.

ಇದನ್ನು ಅಪ್ಪ ಎಷ್ಟು ಸಲ ಹೇಳಿರಬಹುದೋ. ಪ್ರತಿ ಸಲವೂ ಕೆಂಪು ದೀಪದವರೆಗೆ ಬಂದಾಗ ಅಮ್ಮ, "ಇನ್ನೊಂದು ಸೌಟು ಸಾರು ಹಾಕಲಾ?" ಎಂದು ಕೇಳುತ್ತಿದ್ದಳು.

೩. ಹಿಂದಿನ ಸೀಟು

ಪಾಠದಿಂದ ಬ್ಯಾಟರಿ ಏನೂ ಕಲಿಯಲಿಲ್ಲ. ಆದ್ದರಿಂದ ತಳ್ಳುವುದು ಮಾಮೂಲಾಯಿತು. ಅಪ್ಪ ಮೇಲೆ ಕೂತು ಕ್ಲಚ್ಚು ಹಿಡಿಯುವುದು, ಅಮ್ಮ ಸೆರಗು ಸಿಕ್ಕಿಸಿ ಬಲಗಡೆ, ನಾನು ಎಡಗಡೆ. ಎಡಗಡೆಯ ಕಟ್ಟಡದ ಬಾಲ್ಕನಿಯಲ್ಲಿ ನನ್ನ ಕ್ಲಾಸಿನ ಹುಡುಗ ಹಲ್ಲುಜ್ಜುತ್ತಾ ನಿಂತಿರುತ್ತಿದ್ದ. ನಾನು ಬೈಕಿನ ನಂಬರ್ ಪ್ಲೇಟನ್ನೇ ನೋಡುತ್ತಾ ತಳ್ಳುತ್ತಿದ್ದೆ. ಅದರಲ್ಲಿದ್ದ ಅರಬ್ಬಿ ಅಂಕಿಗಳನ್ನು ನಾನು ಕಲಿತದ್ದು ಶಾಲೆಯಲ್ಲಿ ಅಲ್ಲ.

ಒಮ್ಮೆ ಸ್ಟಾರ್ಟ್ ಆದರೆ ಮತ್ತೆ ನಿಲ್ಲಿಸುವಂತಿಲ್ಲ. ಅಪ್ಪ ನಿಧಾನ ಮಾಡುತ್ತಿದ್ದರು, ನಾನು ಓಡಿ ಹತ್ತಬೇಕು. ಒಂದು ದಿನ ನಾನು ಹತ್ತುವ ಮೊದಲೇ ಅಪ್ಪ ಹೊರಟುಹೋದರು. ಕತ್ತು ಸ್ವಲ್ಪ ಹಿಂದಕ್ಕೆ ವಾಲಿಸಿ ನನ್ನ ಹತ್ತಿರ ಏನೋ ಹೇಳುತ್ತಾ ತಿರುವಿನಲ್ಲಿ ಮರೆಯಾದರು. ಆವತ್ತು ನನಗೆ ಮ್ಯಾಥ್ಸ್ ಟೆಸ್ಟು. ಶಾಲೆಯ ಗೇಟಿನವರೆಗೂ ಅಪ್ಪ ನನಗೆ ಧೈರ್ಯ ಹೇಳಿದ್ದಾರೆ, ಎರಡು ಫಾರ್ಮುಲಾ ಕೂಡ ನೆನಪಿಸಿದ್ದಾರೆ. ಇಳಿ ಎಂದಾಗಲೂ ನಾನು ಇಳಿಯದ್ದನ್ನು ನೋಡಿ ತಿರುಗಿದರಂತೆ.

ವಾಪಸು ಬಂದ ಅಪ್ಪನಿಗೆ ಅಮ್ಮ ಚೆನ್ನಾಗಿ ಬೈದಳು. ಮಗಳು ಹಿಂದೆ ಇದ್ದಾಳೋ ಇಲ್ಲವೋ ಗೊತ್ತಾಗುವುದಿಲ್ಲವಾ ಎಂದು ಕೇಳಿದಳು. ಅಪ್ಪ ತಣ್ಣಗೆ, "ಇದ್ದಾಗಲೂ ಅವಳು ಹೀಗೇ ಅಲ್ಲವಾ ಇರುವುದು" ಎಂದರು.

೪. ಊರಿಗೆ ಹೋದಾಗ

ಬೇಸಿಗೆ ರಜೆಗೆ ಊರಿಗೆ ಹೊರಟಾಗ ಎಲ್ಲರೂ ತುಳಸಿ ಗಿಡವನ್ನೋ ಮೀನಿನ ತೊಟ್ಟಿಯನ್ನೋ ಪಕ್ಕದವರಿಗೆ ಒಪ್ಪಿಸುತ್ತಾರೆ. ಅಪ್ಪ ಬೈಕಿನ ಕೀಯನ್ನು ಕಾಕನಿಗೆ ಕೊಟ್ಟು, ಆಗಾಗ ಸ್ವಲ್ಪ ಓಡಿಸಿ, ಬ್ಯಾಟರಿ ಜೀವ ಇಟ್ಟುಕೊಂಡಿರಲಿ ಎಂದಿದ್ದರು.

ರಜೆ ಮುಗಿಸಿ ಬಂದು ಬಟನ್ ಒತ್ತಿದರೆ, ಮೊದಲನೇ ಸಲಕ್ಕೇ ಸ್ಟಾರ್ಟ್. ಅಪ್ಪನ ಕಣ್ಣು ತುಂಬಿ ಬಂತು. ನನ್ನನ್ನೂ ಕೂರಿಸಿಕೊಂಡು ಖುಷಿಯಲ್ಲಿ ಒಂದು ಸುತ್ತು ಹೊರಟರು. ಮೊದಲ ಗಲ್ಲಿಯಲ್ಲೇ ಬಾಲ್ಕನಿಯಿಂದ ಒಬ್ಬ ಹೆಂಗಸು ಹಗ್ಗ ಕಟ್ಟಿದ ಬುಟ್ಟಿ ಇಳಿಸಿ, ಮೊಟ್ಟೆ ಎಲ್ಲಿ ಎಂದು ಹಿಂದಿಯಲ್ಲಿ ಕೇಳಿದಳು. ಮುಂದಿನ ಗಲ್ಲಿಯಲ್ಲಿ ಒಬ್ಬರು ಕೈ ಅಡ್ಡ ಹಿಡಿದು ಖುಬ್ಜ್ ರೊಟ್ಟಿ, ಮೊಸರು ಎಂದರು. ಕಾಕ ರಜೆಯುದ್ದಕ್ಕೂ ಇಡೀ ಗುದೈಬಿಯಾಕ್ಕೆ ಅದರಲ್ಲೇ ಸಾಮಾನು ಹಂಚಿದ್ದರು.

ಬೈಕನ್ನು ಕಂಡವರಿಗೆಲ್ಲ ವಿವರಿಸುವಷ್ಟು ಬಾಯಿ ಅಪ್ಪನಿಗೂ ಇಲ್ಲ, ನನ್ನದಂತೂ ಕೇಳುವುದೇ ಬೇಡ. ಎಲ್ಲರ ಆರ್ಡರುಗಳನ್ನೂ ನೆನಪಿಟ್ಟುಕೊಂಡು ಬಂದು ಕಾಕನಿಗೆ ಒಪ್ಪಿಸಿದೆವು. ಕಾಕ ಗಲ್ಲಾದ ಹಿಂದಿನಿಂದ ಏಳಲೂ ಇಲ್ಲ. "ಮೊಟ್ಟೆ ಅಲ್ಲಿ ಕೆಳಗೆ ಉಂಟು, ಕೊಟ್ಟು ಬನ್ನಿ" ಎಂದರು.

೫. ಗಿರಾಕಿ ಬಂದದ್ದು

ನಾನು ಹತ್ತನೇ ಕ್ಲಾಸಿಗೆ ಬಂದ ವರ್ಷ ಅಮ್ಮ ಖಡಾಖಂಡಿತ ಹೇಳಿದಳು: ದೊಡ್ಡವಳಾದ ಮಗಳು ಇನ್ನು ರಸ್ತೆಯಲ್ಲಿ ಬೈಕು ತಳ್ಳಕೂಡದು, ಮಾರಿಬಿಡಿ. ಅಪ್ಪ ಈ ಸಲ ಸೆಕೆಗಾಲದ ಮಾತೆತ್ತಲಿಲ್ಲ. ಶುಕ್ರವಾರ ಸಂಜೆ ಒಬ್ಬರು ನೋಡಲು ಬರುತ್ತಾರೆ ಎಂದಷ್ಟೇ ಹೇಳಿದರು. ನಾನು ವರ್ಷಗಟ್ಟಲೆ ಬೇಡಿಕೊಂಡದ್ದು ಅದನ್ನೇ. ಆದರೂ ಆ ಬೆಳಿಗ್ಗೆ ಅಪ್ಪ ತಿಂಡಿ ತಿನ್ನದೆ ಎದ್ದದ್ದು ನೋಡಿ ನಾನೂ ತಟ್ಟೆ ಬಿಟ್ಟು ಎದ್ದೆ.

"ಕೀ ಕೊಡಿ, ನಾನು ಒರೆಸಿ ಬರ್ತೇನೆ" ಎಂದಳು ಅಮ್ಮ. ಬೈಕನ್ನು ತಳ್ಳುವುದಕ್ಕಲ್ಲದೆ ಅವಳು ಮುಟ್ಟಿದ್ದೇ ಇಲ್ಲ. ನಾನು ಬಾಲ್ಕನಿಯಿಂದ ನೋಡುತ್ತಿದ್ದೆ. ಸೀಟು ಒರೆಸಿದಳು, ಕನ್ನಡಿ ಒರೆಸಿದಳು. ಆಮೇಲೆ ಕೀ ಹಾಕಿ ತಿರುಗಿಸಿ, ತೆಗೆದುಕೊಂಡು, ಹಿಂದೆ ಬಂದು, ಕೆಂಪು ದೀಪಕ್ಕೆ ಎರಡೂ ಕೈ ಮರೆ ಹಿಡಿದು ಬಗ್ಗಿ ನೋಡಿದಳು. ಸಮಾಧಾನವಾದಂತೆ ತಲೆಯಾಡಿಸಿ ಮೇಲೆ ಬಂದಳು.

ಸಂಜೆ ಬಂದದ್ದು ಉಡುಪಿ ಕಡೆಯ ಒಬ್ಬ ತರುಣ. ಮೀಸೆ ಕತ್ತರಿಸಿ, ಸೆಂಟು ಹಾಕಿ ಬಂದಿದ್ದ. ಬಟನ್ ಒತ್ತಿದ. ಟಕ್ ಎಂದಿತು, ಅಷ್ಟೇ. ಅಪ್ಪನಿಗೆ ಅವಮಾನವಾಯಿತು, ತಳ್ಳಿದರೆ ಆಗುತ್ತದೆ ಎಂದರು. ಯಾರೂ ಹೇಳದೆ ಅಮ್ಮ ಬಲಗಡೆ, ನಾನು ಎಡಗಡೆ ನಿಂತೆವು. ಅವನ ಅದೃಷ್ಟಕ್ಕೆ ಸ್ಟಾರ್ಟೂ ಆಯಿತು. ಒಂದು ಸುತ್ತು ಹೋಗಿ ಬಂದು, ಇಂಜಿನ್ ಫಸ್ಟ್ ಕ್ಲಾಸ್, ಬ್ಯಾಟರಿ ಹೊಸದು ಹಾಕಿದರಾಯಿತು, ತೆಗೆದುಕೊಳ್ಳುತ್ತೇನೆ ಎಂದ.

"ಹೊಸದು ಹಾಕಿದ್ದೇ ಇದು" ಎಂದಳು ಅಮ್ಮ. ಕಳೆದ ಚಳಿಗಾಲದಲ್ಲಿ ಹಾಕಿದ್ದು ನಿಜ. ನಂತರ ಕೇಳಿದಳು, "ರೂಮಿನಲ್ಲಿ ನೀವು ಎಷ್ಟು ಜನ?"

ನಾಲ್ವರು ಬ್ಯಾಚುಲರ್‌ಗಳು, ಒಬ್ಬೊಬ್ಬರದು ಒಂದೊಂದು ಶಿಫ್ಟು ಎಂದ.

"ಹಾಗಾದರೆ ಬೇಡಪ್ಪ. ತಳ್ಳಲಿಕ್ಕೆ ಯಾರು ಬರ್ತಾರೆ? ಇದಕ್ಕೆ ಸಂಸಾರ ಬೇಕು. ಮದುವೆಯಾಗಿ ಒಂದು ಮಗು ಆದ ಮೇಲೆ ಬನ್ನಿ."

ಅವನಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಅಪ್ಪನನ್ನು ನೋಡಿದ, ಅಪ್ಪ ನೆಲ ನೋಡುತ್ತಿದ್ದರು. ಕೊನೆಗೆ ನನ್ನನ್ನೇ ಕೇಳಿದ, ಅಷ್ಟು ತಳ್ಳಬೇಕಾಗುತ್ತದಾ ಎಂದು. ಅಪರಿಚಿತರ ಹತ್ತಿರ ಅಲ್ಲಿಯವರೆಗೆ ಬಾಯಿ ಬಿಡದ ನಾನು, ಮಕ್ಕಳು ಎಲ್ಲ ಗಂಡಸರಿಗೂ ಹೇಳುವ ಹಾಗೆ, "ಡೈಲಿ, ಅಂಕಲ್" ಎಂದೆ.

ಬ್ಯಾಟರಿಯನ್ನಾದರೂ ಅವನು ಕ್ಷಮಿಸುತ್ತಿದ್ದನೋ ಏನೋ. 'ಅಂಕಲ್' ಕೇಳಿದ ಮೇಲೆ ನಿಲ್ಲಲಿಲ್ಲ.

ಅವನು ತಿರುವು ದಾಟಿದ. ಅಪ್ಪ ಸೀಟಿನ ಮೇಲೆ ಕೈಯಾಡಿಸುತ್ತಾ ಅಮ್ಮನ ಕಡೆ ನೋಡದೆ ಹೇಳಿದರು, "ಸಂಜೆ ನಾನು ಕೀ ಹಾಕುವಾಗ ಅದು ಪಿ-ಯಲ್ಲಿ ಇತ್ತು."

ಅಮ್ಮ ಸೆರಗು ಸಡಿಲಿಸಿ ಮೆಟ್ಟಿಲು ಹತ್ತುತ್ತಿದ್ದಳು. "ಪಿ ಅಂದರೆ ಎಂತದು? ನಿಮ್ಮ ಪಾಠ ನಾನು ಯಾವತ್ತು ಕೇಳಿದ್ದೇನೆ?"