ಆರು ಮೀಟರ್ ಕರುಳು

ಟೀಚರ್: ಅಲ್ಲ ಮಾಸ್ಟರ್, ಸಣ್ಣ ಕರುಳು ಆರು ಮೀಟರ್ ಇರ್ಬೇಕು ಅಂತ ಚೀಟೀಲಿ ಬರ್ದು ಕೊಟ್ಟಿದ್ದೆ. ನೀವು ಹೊಲಿದಿರೋದು ಒಂದೂವರೆ ಮೀಟರ್!

ಟೈಲರ್: ಹೊಟ್ಟೆ ಅಗಲ ಒಂದಡಿ ಅಂತಾನೂ ನೀವೇ ಬರ್ದಿದ್ರಿ ಟೀಚರಮ್ಮ. ಒಂದಡಿ ಹೊಟ್ಟೇಲಿ ಆರು ಮೀಟರ್ ಕರುಳು? ಕಣ್ತಪ್ಪಿ ಬರ್ದಿರ್ತೀರಾ ಅಂತ ನಾನೇ ತಿದ್ಕೊಂಡೆ. ಗಿರಾಕಿ ಮಾನ ಕಾಯೋದು ನನ್ನ ಕೆಲ್ಸ.

ವಿಜ್ಞಾನದ ಟೀಚರ್ ತಲೆಯ ಮೇಲೆ ಕೈ ಹೊತ್ತು ಸ್ಟೂಲಿನ ಮೇಲೆ ಕುಸಿದರು. ಮಧ್ಯಾಹ್ನ ಮೂರಕ್ಕೆ ಶಾಲೆಗಳ ವಿಜ್ಞಾನ ಪ್ರದರ್ಶನ. ಬಟ್ಟೆಯಲ್ಲಿ ಹೊಲಿಸಿದ ಈ ಜೀರ್ಣಾಂಗದ ಬಾಯಿಗೆ ಮಕ್ಕಳು ರಬ್ಬರ್ ಚೆಂಡು ಹಾಕಬೇಕು. ಅದು ಅನ್ನನಾಳ, ಜಠರ, ಕರುಳೆಲ್ಲ ಸುತ್ತಿ ಕೆಳಗೆ ಬರಬೇಕು. ಸತತ ಮೂರು ವರ್ಷ ಸಮಾಧಾನಕರ ಬಹುಮಾನ ತೆಗೆದುಕೊಂಡು ಟೀಚರಿಗೆ ಇದ್ದ ಸಮಾಧಾನವೂ ಹೋಗಿತ್ತು. ಈಗಾಗಲೇ ಗಂಟೆ ಹನ್ನೆರಡು. ಎದುರಿಗಿದ್ದವರೋ ನಲವತ್ತು ವರ್ಷ ಕೋಟು ಹೊಲಿದ ಟೈಲರ್. ಅವರು ತಪ್ಪು ಒಪ್ಪಿಕೊಂಡದ್ದು ಅವರ ಹೆಂಡತಿಗೂ ನೆನಪಿಲ್ಲ.

ಟೀಚರ್: ಮಿಕ್ಕ ಬಟ್ಟೆ ಎಲ್ಲಿ?

ಟೈಲರ್: ಜೋಪಾನವಾಗಿದೆ.

ಹೆಂಡತಿ: (ಮೂಲೆಯಲ್ಲಿ ಗುಂಡಿ ಹಚ್ಚುತ್ತಾ) ಟ್ರಯಲ್ ರೂಮಿಗೆ ಪರದೆಯಾಗಿ ಜೋಪಾನವಾಗಿ ನೇತಾಡ್ತಿದೆ. ಆ ಗುಲಾಬಿ ಬಣ್ಣ ನೋಡಿದ್ರೆ ಗೊತ್ತಾಗಲ್ವಾ ಟೀಚರ್?

ಟೈಲರ್: ನೀನು ಸುಮ್ನಿರೆ!

ಟೀಚರ್: ನನ್ನ ಕರುಳನ್ನ ಪರದೆ ಮಾಡಿದ್ರಾ! ಅಯ್ಯೋ, ಇದೇನು, ಕೆಳಗಿನ ತುದೀನೂ ಹೊಲಿದುಬಿಟ್ಟಿದೀರಾ?

ಟೈಲರ್: ಮತ್ತೆ? ಹಾಗೇ ಬಿಟ್ರೆ ಒಳಗಿರೋದು ಬಿದ್ದೋಗಲ್ವಾ?

ಟೀಚರ್: ಬೀಳ್ಬೇಕು ಮಾಸ್ಟರ್!

ಟೈಲರ್: ಜನರ ಮುಂದೆ?

ಹೆಂಡತಿ: ಬೆಳಿಗ್ಗೆ ಸರಿಯಾಗಿ ಆಗ್ಲಿಲ್ಲ ಅಂದ್ರೆ ಇಡೀ ದಿನ ನನ್ನ ಮೇಲೆ ಎಗರಾಡ್ತೀರಲ್ಲ, ಆ ದಾರಿ ರೀ ಅದು.

ಟೈಲರ್ ಕತ್ತರಿ ತೆಗೆದುಕೊಂಡು ಆ ಹೊಲಿಗೆ ಬಿಚ್ಚಿದರು. ಆದರೆ ಸೋಲುವ ಆಸಾಮಿ ಅಲ್ಲ.

ಟೈಲರ್: ಬಾಯಲ್ಲಿ ಅಗಿದಿದ್ದಾಯ್ತು, ಜಠರದಲ್ಲಿ ಕಡೆದಿದ್ದಾಯ್ತು. ಆ ಜಠರಕ್ಕೆ ನೀವು ಹೇಳದೇ ಇದ್ರೂ ಒಳಗೆ ಒಳ್ಳೇ ಲೈನಿಂಗ್ ಕೊಟ್ಟಿದೀನಿ.

ಟೀಚರ್: ನಿಜವಾದ ಜಠರಕ್ಕೂ ಲೈನಿಂಗ್ ಇದೆ! ಇಲ್ದಿದ್ರೆ ಅದರ ಆಮ್ಲ ಅದನ್ನೇ ತಿಂದುಬಿಡುತ್ತೆ.

ಟೈಲರ್: (ಹೆಂಡತಿಯತ್ತ ತಿರುಗಿ) ಕೇಳಿಸ್ತಾ? (ಟೀಚರಿಗೆ) ಸರಿ, ಅಲ್ಲಿಗೆ ಊಟ ಮುಗೀತಲ್ಲ. ಆಮೇಲೆ ಆರು ಮೀಟರ್ ಮೆರವಣಿಗೆ ಯಾಕೆ?

ಟೀಚರ್: ಅಲ್ಲೀತನಕ ಬರೀ ಅರೆಯೋ ಕೆಲ್ಸ. ಅರಗೋದು ಮುಖ್ಯವಾಗಿ ಸಣ್ಣ ಕರುಳಲ್ಲಿ. ಪಿತ್ತರಸ ಬಂದು ಜಿಡ್ಡು ಒಡೀಬೇಕು, ಇನ್ನೂ ಏನೇನೋ ರಸ ಸೇರ್ಬೇಕು, ಸಾರವೆಲ್ಲ ನಿಧಾನಕ್ಕೆ ರಕ್ತಕ್ಕೆ ಇಳೀಬೇಕು. ದಾರಿ ಗಿಡ್ಡ ಆದ್ರೆ ಉಂಡಿದ್ದು ಮೈಗೆ ಹತ್ತೋ ಮುಂಚೇನೇ ಹೊರಗೆ.

ಹೆಂಡತಿ: ಇವರಿಗೆ ಅದೇ ಆಗಿರ್ಬೇಕು. ನಲವತ್ತು ವರ್ಷದಿಂದ ಬಡಿಸ್ತಿದೀನಿ, ಒಂದೂ ಮೈಗೆ ಹತ್ತಿಲ್ಲ.

ಟೈಲರ್: ನಿನ್ನ ಮಾತು ಬಡಿಸ್ತೀಯಲ್ಲ, ಅದು ಚೆನ್ನಾಗಿ ಹತ್ತಿದೆ. ಅದಿರ್ಲಿ ಟೀಚರಮ್ಮ, ಅಷ್ಟುದ್ದಕ್ಕೂ ತಳ್ಳೋರು ಯಾರು? ತಾನಾಗೇ ಜಾರುತ್ತಾ?

ಟೀಚರ್: ಜಾರಲ್ಲ. ಮಲಗಿದ್ರೂ ಮುಂದಕ್ಕೆ ಹೋಗುತ್ತೆ. ಕರುಳು ಹಿಂದೆ ಹಿಂಡುತ್ತೆ, ಮುಂದೆ ಸಡಿಲ ಬಿಡುತ್ತೆ, ಮತ್ತೆ ಹಿಂಡುತ್ತೆ...

ಟೈಲರ್: ಓಹೋ, ಪೈಜಾಮಕ್ಕೆ ಲಾಡಿ ಪೋಣಿಸೋ ಹಾಗೆ!

ಹದಿನೈದು ವರ್ಷ ಬಣ್ಣಬಣ್ಣದ ಸೀಮೆಸುಣ್ಣ ಸವೆಸಿದರೂ ಇಷ್ಟು ಚೆನ್ನಾಗಿ ಹೇಳಲು ಟೀಚರಿಗೆ ಬಂದಿರಲಿಲ್ಲ. ಕೊಂಚ ಹೊಟ್ಟೆಕಿಚ್ಚೂ ಆಯಿತು.

ಟೀಚರ್: ಹಾಗೇ ಅನ್ಕೊಳ್ಳಿ. ಒಳಗೋಡೆ ತುಂಬ ನೆರಿಗೆ ಬೇರೆ. ನೆರಿಗೆ ಮೇಲೆ ಮಖಮಲ್ಲಿನ ಥರ ಸಣ್ಣ ಸಣ್ಣ ಎಳೆ. ಎಲ್ಲ ಬಿಚ್ಚಿ ಹರಡಿದ್ರೆ ಈ ಅಂಗಡಿ ನೆಲ, ನಾಲ್ಕೂ ಗೋಡೆ ಮುಚ್ಚಬಹುದು.

ಟೈಲರ್ ಗೋಡೆಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ತಮ್ಮ ಹೊಟ್ಟೆಯ ಮೇಲೆ ಕೈಯಾಡಿಸಿಕೊಂಡರು. ಕಣ್ಣು ಒದ್ದೆಯಾದಂತಿತ್ತು.

ಟೈಲರ್: ಎಂಥಾ ಕಟಿಂಗ್ ರೀ ಅದು! ಅಷ್ಟು ಬಟ್ಟೇನ ಇಷ್ಟು ಜಾಗದಲ್ಲಿ ಕೂರ್ಸಿ, ಒಂದು ಚೂರೂ ಮಿಗ್ಸಿಲ್ಲ!

ಹೆಂಡತಿ: ಮಿಗ್ಸೋ ಬುದ್ಧಿ ಆ ದೇವರಿಗೆ ಇರ್ಲಿಲ್ಲ ಪಾಪ.

ಟೈಲರ್ ಎದ್ದು ಹೋಗಿ ಪರದೆಯನ್ನು ಸರ್ರನೆ ಎಳೆದರು. 'ರೀ, ನಾನಿನ್ನೂ ಪ್ಯಾಂಟ್ ಹಾಕ್ಕೊಳ್ತಿದೀನಿ!' ಎಂದು ಒಳಗಿನಿಂದ ಗಿರಾಕಿ ಕೂಗಿಕೊಂಡ. ಹೆಂಡತಿ ಅತ್ತ ನೋಡದೆಯೇ ಒಂದು ಬೆಡ್‌ಶೀಟ್ ಎಸೆದರು. ಯಂತ್ರ ಒಂದೂವರೆ ಗಂಟೆ ಉಸಿರು ಬಿಡದೆ ಓಡಿತು. ನೆರಿಗೆಯೂ ಬಂತು, ಆರು ಮೀಟರೂ ಸುರುಳಿ ಸುತ್ತಿಕೊಂಡು ಒಂದಡಿಯಲ್ಲಿ ಕೂತಿತು. ಟೀಚರ್ ಆ ಬಟ್ಟೆಯ ಬಾಯಿಗೆ ಚೆಂಡು ಹಾಕಿದರು. ಟೈಲರ್ ಹಿಂಡುತ್ತಾ ಹೋದರು.

ಹೆಂಡತಿ: ಜಠರ ದಾಟ್ತು... ತಿರುವಲ್ಲಿದೆ... ಹಿಂಡಿ, ಹಿಂಡಿ... ಬಂತು, ಬಂತು!

ಚೆಂಡು ಟಪ್ಪನೆ ನೆಲಕ್ಕೆ ಬಿತ್ತು. ಮೂವರೂ ಚಪ್ಪಾಳೆ ತಟ್ಟಿದರು. ಟ್ರಯಲ್ ರೂಮಿನಿಂದಲೂ ಚಪ್ಪಾಳೆ ಕೇಳಿತು. ಟೀಚರ್ ಗಡಿಯಾರ ನೋಡಿದರು, ಮುಖ ಸಪ್ಪಗಾಯಿತು.

ಟೀಚರ್: ಹನ್ನೊಂದು ನಿಮಿಷ! ಪ್ರದರ್ಶನದಲ್ಲಿ ಕೊಡೋದು ಐದೇ ನಿಮಿಷ. (ದನಿ ತಗ್ಗಿಸಿ) ಮಾಸ್ಟರ್... ಒಂದು ಮೂರು ಮೀಟರ್ ತೆಗೆದುಬಿಡೋಕಾಗುತ್ತಾ?

ಟೈಲರ್ ಕತ್ತರಿಯನ್ನು ಡ್ರಾಯರಿಗೆ ಹಾಕಿ ಬೀಗ ಜಡಿದರು.

ಟೈಲರ್: ಒಂದಿಂಚೂ ಕತ್ತರಿಸಲ್ಲ. ಅದು ಕರುಳು ರೀ, ಪರದೆ ಅಲ್ಲ!

ಟೀಚರ್: ಪಕ್ಕದ ಮೇಜಿನವರು ಜ್ವಾಲಾಮುಖಿ ತರ್ತಿದಾರೆ ಮಾಸ್ಟರ್. ಅರ್ಧ ನಿಮಿಷದಲ್ಲಿ ಬೆಂಕಿ ಉಗುಳುತ್ತಂತೆ!

ಟೈಲರ್: ತೀರ್ಪುಗಾರರಿಗೆ ಕುರ್ಚಿ ಹಾಕ್ಸಿ ಟೀಚರಮ್ಮ. ಉಗುಳೋಕೆ ಅರ್ಧ ನಿಮಿಷ ಸಾಕು, ಅರಗ್ಸೋಕೆ ಹೊತ್ತು ಬೇಕು!