ಜಂಬುಲಿಂಗಪ್ಪನ ಎರಡು ಬ್ರಶ್ಶು

ಇಷ್ಟಕ್ಕೆಲ್ಲ ಮೂಲ ಒಂದು ತೊಟ್ಟು ರಕ್ತ. ಪರಶುರಾಂಪುರದ ಮಠದಲ್ಲಿ ಹನ್ನೊಂದು ಶ್ರಾವಣ ಪುರಾಣ ಓದಿದ ಜಂಬುಲಿಂಗಪ್ಪ ಒಂದು ಬೆಳಿಗ್ಗೆ ಹಲ್ಲುಜ್ಜಿ ಉಗುಳಿದಾಗ ಅದು ಕಂಡಿತು. ಚಳ್ಳಕೆರೆಯ ಹಲ್ಲಿನ ಡಾಕ್ಟರು ರಶ್ಮಿತಾ, "ಒಸಡು ಊದೈತೆ ಯಜಮಾನ್ರೇ. ನೆಟ್ಟಗೆ ಉಜ್ಜದಿದ್ರೆ ಹಲ್ಲು ಉಳಿಯಲ್ಲ" ಎಂದರು.

ಹಲ್ಲು ಹೋದರೆ ಉಚ್ಚಾರ ಹೋಯಿತು. ಉಚ್ಚಾರ ಹೋದರೆ ಓದುವ ಮಣೆಯೂ ಹೋಯಿತು. ಆ ಮಣೆಯ ಎದುರಿಗೇ ಹನ್ನೊಂದು ವರ್ಷ ಕೂತು, ಜಂಬುಲಿಂಗಪ್ಪ ಕೆಮ್ಮಿದಾಗಲೆಲ್ಲ ಆಸೆಯಿಂದ ತಲೆಯೆತ್ತುವ ಚಿಕ್ಕೀರಪ್ಪ ಪಕ್ಕದ ಮನೆಯಲ್ಲೇ ಇದ್ದ.

ಮೊಳಕಾಲ್ಮೂರಿಗೆ ಕೊಟ್ಟ ಮಗಳು ಶೃತಿ ಸುದ್ದಿ ಕೇಳಿ ಕರೆಂಟಿನ ಬ್ರಶ್ಶು ಕಳಿಸಿದಳು. ಗುಂಡಿ ಒತ್ತಿದರೆ ದುಂಬಿಯಂತೆ ಝೇಂಕರಿಸಿ ಎರಡು ನಿಮಿಷಕ್ಕೆ ತಾನೇ ಸುಮ್ಮನಾಗುತ್ತಿತ್ತು.

"ಲೇ ಜಂಬು, ಶೇಂಗಾ ಬಿಡಿಸೋ ಮಷಿನ್ ಬಾಯಿಗಿಟ್ಕಂಡಿದೀಯಲ್ಲೋ! ಕಾಯಿ ಒಂದ್ಕಡೆ, ಬಳ್ಳಿ ಒಂದ್ಕಡೆ ಆಗ್ತಾವೆ ನೋಡು," ಎಂದ ಚಿಕ್ಕೀರಪ್ಪ.

"ನಂಗೂ ಸಾದಾ ಬ್ರಶ್ಶೇ ವಾಸಿ ಅನ್ನಿಸ್ತೈತೆ ಕಣ್ರೀ," ಎಂದಳು ಹೆಂಡತಿ ಶಿವಬಸಮ್ಮ.

ಓಣಿ ಎರಡು ಹೋಳಾಯಿತು. ಕೊನೆಗೆ ಕಟ್ಟೆಯ ಮೇಲೆ ತೀರ್ಮಾನವಾಯಿತು: ಎರಡು ತಿಂಗಳು ಬಲಗಡೆಗೆ ಮಷಿನ್ನು, ಎಡಗಡೆಗೆ ಸಾದಾ ಬ್ರಶ್ಶು, ಆಮೇಲೆ ಡಾಕ್ಟರಮ್ಮ ಹೇಳಿದ್ದೇ ತೀರ್ಪು. ಚಿಕ್ಕೀರಪ್ಪ ಸರ್ವೆಯವರ ಗತ್ತಿನಲ್ಲಿ ಜಂಬುಲಿಂಗಪ್ಪನ ಮೂಗಿನ ನೇರಕ್ಕೆ ಬೆರಳು ಹಿಡಿದ. "ಅದು ಇತ್ತ ಬರಂಗಿಲ್ಲ, ಇದು ಅತ್ತ ಹೋಗಂಗಿಲ್ಲ. ದೇವರಾಣೆ!"

"ಪುರಾಣ ಓದೋ ಬಾಯಿ ಕಣಲೇ ಇದು. ಮೋಸ ಗೊತ್ತಿಲ್ಲ."

ಮಾತಿನಂತೆ ನಡೆದ. ಮಷಿನ್ನು ನಿಲ್ಲುವಷ್ಟರಲ್ಲಿ ಮನಸ್ಸಿನಲ್ಲಿ ಐದು ಪದ್ಯ ಮುಗಿಯುತ್ತಿದ್ದವು. ಎಡಗಡೆಗೂ ಅದೇ ಐದು. ಒಂದು ಪಾದ ಹೆಚ್ಚಿಲ್ಲ, ಕಡಿಮೆಯಿಲ್ಲ.

ತೀರ್ಪಿನ ದಿನ ಶ್ರಾವಣದ ಮೊದಲ ಸೋಮವಾರ. ಸಂಜೆಗೇ ಪುರಾಣ ಆರಂಭ. ಓಣಿಯ ಹದಿಮೂರು ಜನ ಸಾಕ್ಷಿಗಳು ಬಸ್ಸು ಹತ್ತಿದರು.

"ಮದುವೆಗೇನ್ರಪ್ಪಾ?" ಎಂದ ಕಂಡಕ್ಟರು.

"ಇಲ್ಲ, ಇವನ ಬಾಯಿ ನೋಡೋಕೆ!"

ಸಂತೆಯಲ್ಲಿ ಟಗರಿನ ಹಲ್ಲು ನೋಡಿಯೇ ವಯಸ್ಸು ಹೇಳುವ ಕುರಿಯವನೊಬ್ಬ ಪಕ್ಕದ ಸೀಟಿನಿಂದ ಬಗ್ಗಿ, ಕೇಳದೆಯೇ ಜಂಬುಲಿಂಗಪ್ಪನ ದವಡೆ ಅಗಲಿಸಿದ. "ಹಿಂದೆಲ್ಲ ಗಟ್ಟಿ ಐತೆ. ಆದ್ರೆ ಯಜಮಾನ್ರೇ..." ಅಷ್ಟರಲ್ಲಿ ಬ್ರೇಕು ಬಿತ್ತು, ಬಾಯಿ ಮುಚ್ಚಿತು, ಕುರಿಯವ ಬೆರಳು ಚೀಪುತ್ತ ಇಳಿದುಹೋದ.

ಡಾಕ್ಟರಮ್ಮ ದೀಪ ಹಾಕಿ ಕಡ್ಡಿ ಆಡಿಸಿದರು. ಬಾಗಿಲ ತುಂಬ ತಲೆಗಳು.

"ಬಲಗಡೆ ಒಸಡು ಬಹಳ ಚೊಕ್ಕ ಐತೆ."

"ನಾವು ಹೇಳ್ಲಿಲ್ವಾ!" ಎಂದರು ಮಷಿನ್ನಿನವರು.

"ಎಡಗಡೆನೂ ಅಷ್ಟೇ ಚೊಕ್ಕ."

"ಹಂಗಾದ್ರೆ ಗೆದ್ದೋರ್ಯಾರು?" ಎಂದ ಚಿಕ್ಕೀರಪ್ಪ.

"ಎರಡು ನಿಮಿಷ, ಒಸಡಿನ ಅಂಚಿಗೆ, ಮೆಲ್ಲಗೆ. ಹಂಗೆ ಉಜ್ಜೋರಿಗೆ ಯಾವ ಬ್ರಶ್ಶಾದ್ರೂ ನಡೀತೈತೆ."

ಜಂಬುಲಿಂಗಪ್ಪ ಎದೆಯುಬ್ಬಿಸಿದ. ಮಣೆ ಉಳಿಯಿತು! ಡಾಕ್ಟರಮ್ಮ ಮಾತ್ರ ದೀಪವನ್ನು ಇನ್ನಷ್ಟು ಹತ್ತಿರ ಎಳೆದರು.

"ಯಜಮಾನ್ರೇ, ಈ ಮುಂದಿನ ನಾಕು ಹಲ್ಲು ಯಾವ ಬ್ರಶ್ಶಿನಲ್ಲಿ ಉಜ್ಜಿದ್ರಿ?"

ಜಂಬುಲಿಂಗಪ್ಪ ಚಿಕ್ಕೀರಪ್ಪನ ಮುಖ ನೋಡಿದ. "ಅದು... ಬದು, ಡಾಕ್ಟ್ರಮ್ಮ."

"ಏನು?"

"ಎರಡು ಹೊಲದ ನಡುವೆ ಬದು ಬಿಡಲ್ವೇ? ಅತ್ತಲವರೂ ಉಳಲ್ಲ, ಇತ್ತಲವರೂ ಉಳಲ್ಲ. ಗಡಿ ದಾಟಬಾರದು ಅಂತ ಆಣೆ ಹಾಕಿದ್ರಲ್ಲ... ಎರಡು ತಿಂಗಳು ಮುಟ್ಟೇ ಇಲ್ಲ."

ಶಿವಬಸಮ್ಮ ಹಣೆ ಚಚ್ಚಿಕೊಂಡಳು. ಆ ನಾಕರಲ್ಲಿ ಮೊದಲೇ ಸಡಿಲಾಗಿದ್ದ ಎರಡು ಹಲ್ಲು ಡಾಕ್ಟರಮ್ಮನ ಇಕ್ಕಳಕ್ಕೆ, ಹಸಿ ನೆಲದ ಶೇಂಗಾ ಬುಡದಂತೆ, ಹಗುರವಾಗಿ ಕಿತ್ತು ಬಂದವು.

ಸಂಜೆ ಮಠದಲ್ಲಿ ಚಿಕ್ಕೀರಪ್ಪ ಮಣೆಯ ಮೇಲೆ ಕೂತು, ಕನ್ನಡಕ ಒರೆಸಿ, ಮೊದಲ ಪದ್ಯದ ಎರಡನೇ ಸಾಲನ್ನೇ ತಪ್ಪಾಗಿ ಓದಿದ. ಎದುರಿಗೆ, ಚಿಕ್ಕೀರಪ್ಪನದೇ ಹಳೇ ಜಾಗದಲ್ಲಿ ಕೂತಿದ್ದ ಜಂಬುಲಿಂಗಪ್ಪನಿಗೆ ತಡೆಯಲಾಗಲಿಲ್ಲ. ನಿಲ್ಲಿಸು ಎಂದು ಕೈ ಎತ್ತಿ ಎದ್ದ. ಹಲ್ಲು ಕಿತ್ತ ಜಾಗಕ್ಕೆ ಡಾಕ್ಟರಮ್ಮ ತುರುಕಿದ್ದ ಹತ್ತಿಯ ಸಂದಿಯಿಂದ ಬರೀ ಗಾಳಿ ಬಂತು.

"ನೋಡ್ರಪ್ಪಾ, ಹಳಬರೇ ಎದ್ದು ನಿಂತು ಆಶೀರ್ವಾದ ಮಾಡಿದ್ರು!" ಎಂದು ಸಭೆ ಚಪ್ಪಾಳೆ ತಟ್ಟಿತು.

ಚಿಕ್ಕೀರಪ್ಪ ಕಣ್ಣು ಒರೆಸಿಕೊಂಡು, ಅದೇ ತಪ್ಪನ್ನು ಇನ್ನೂ ಎತ್ತರದ ದನಿಯಲ್ಲಿ ಮತ್ತೆ ಮೊದಲಿನಿಂದ ಹಾಡಿದ.